ಕೆಳಗಿನ ಬಿಜಾಗರಿ

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವ ಭಾರ ಒಂದು ಬಿಜಾಗರಿ. ಬಾಗಿಲನ್ನು ಚೌಕಟ್ಟಿಗೆ ಹಿಡಿದು ನಿಲ್ಲಿಸಿ, ಬಾಗಿಲು ತೆರೆದಂತೆಲ್ಲ ತಾನೂ ರೆಕ್ಕೆ ಬಿಚ್ಚುವ ಕಬ್ಬಿಣದ ತುಂಡು ಅದು. ನಿಮ್ಮ ಕಡೆ ಅದಕ್ಕೆ ಬೇರೆ ಹೆಸರಿರಬಹುದು, ನಮ್ಮ ಇಂಡಿ ಊರಲ್ಲಿ ಅದು ಬಿಜಾಗರಿ. ಐದಿಂಚಿನದು, ಆರು ತೂತಿನದು, ತೂಕ ಇನ್ನೂರ ಹತ್ತು ಗ್ರಾಂ. ತೂಗಿ ನೋಡಿದ್ದೀಯಾ ಎಂದು ಕೇಳಬೇಡಿ. ನೋಡಿದ್ದೇನೆ, ಎರಡು ಸಲ.

ಅವ್ವ ಕಸ ಹೊಡೆಯಲು ಬಂದಾಗಲೆಲ್ಲ ಅದನ್ನು ಎತ್ತಿ ನೋಡುತ್ತಾಳೆ. “ಇದನ್ನ ಗುಜರಿಯವಗರೆ ಹಾಕು, ಇಲ್ಲಾ ಯಾವುದರೆ ಬಾಕಲಕ್ಕರೆ ಬಡಿ. ಇಲ್ಲಿಟ್ಟು ಪೂಜಿ ಮಾಡ್ತಿಯೇನು?” ಎನ್ನುತ್ತಾಳೆ. ನಾನು ಎರಡನ್ನೂ ಮಾಡುವಂತಿಲ್ಲ. ದಿನವೂ ನಾನು ಬರೆಯುವ ವಹಿಯ ಪ್ರಕಾರ ಈ ಬಿಜಾಗರಿ ಸದ್ಯ ನಮ್ಮ ತಲಬಾಗಿಲಿನ ಕೆಳತುದಿಯಲ್ಲಿದೆ. ಹಾಗೆಂದು ತಾರೀಖು ಹಾಕಿ ಬರೆದವಳು ನಾನೇ.

ಬರೆದಿಡುವ ಚಟ ಯಾವಾಗ ಅಂಟಿತೋ ತಿಳಿಯದು. ಅದೊಂದನ್ನೇ ನಾನು ಬರೆದಿಟ್ಟುಕೊಂಡಿಲ್ಲ. ಯಂಕಂಚಿಯ ಸೋದರಮಾವನ ಮನೆಗೆ ಶಾಲೆಯ ಸೂಟಿಗೆ ಹೋದಾಗ ಎಷ್ಟು ರೊಟ್ಟಿ ತಿಂದೆ, ಎಷ್ಟು ನವಿಲು ಕಂಡವು, ಮಾವ ದಿನಕ್ಕೆ ಎಷ್ಟು ಸುಳ್ಳು ಹೇಳಿದ ಎಂಬುದೆಲ್ಲ ಹಳೆಯ ವಹಿಗಳಲ್ಲಿದೆ. ನನ್ನ ಅಪ್ಪನ ಅಪ್ಪ, ನಾವೆಲ್ಲ ಮುತ್ಯಾ ಎನ್ನುತ್ತಿದ್ದವನು, ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಊರಿನ ಲೆಕ್ಕಪತ್ರ ಬರೆಯುವ ತಲಾಟಿಯ ಹೆಸರೇ ನನಗೆ.

“ಬಂದಳು ನಮ್ಮ ತಲಾಟಿ. ನಾ ಇವತ್ತ ಎಷ್ಟ ಸಲ ಕೆಮ್ಮಿದೆ ಹೇಳವ್ವಾ?”

“ಹನ್ನೊಂದು, ಮುತ್ಯಾ.”

ಆತ ಬೇಕೆಂದೇ ಒಮ್ಮೆ ಕೆಮ್ಮಿ, “ಹನ್ನೆರಡಾತು, ಬರಕೋ,” ಎನ್ನುತ್ತಿದ್ದ.

ನಾನು ಬರೆದುಕೊಳ್ಳುತ್ತಿದ್ದೆ.

ತೊಂಬತ್ತೇಳರ ಸುಮಾರಿಗೆ ಅಪ್ಪ ಹಳೆಯ ಮನೆಯ ಮುಂದೆ ಎರಡು ಖೋಲಿ ಕಟ್ಟಿಸಲು ಹೊರಟ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಇಂಡಿಯಲ್ಲಿ ಕೊಳ್ಳುವುದು ಅಗ್ಗವೋ, ಭೀಮಾ ಹೊಳೆ ದಾಟಿ ಸೊಲ್ಲಾಪುರದಲ್ಲಿ ಕೊಳ್ಳುವುದು ಅಗ್ಗವೋ ಎಂಬ ಪ್ರಶ್ನೆ ಎದ್ದಾಗ ಅಪ್ಪ ಅದನ್ನು ಪರೀಕ್ಷೆಯ ಲೆಕ್ಕದಂತೆ ನನಗೆ ಒಪ್ಪಿಸಿದ. “ಸಾಮಾನು ಎಡಕ್ಕ ಬರಿ, ದರ ಬಲಕ್ಕ ಬರಿ, ಕೊನಿಗೆ ಫರಕು,” ಎಂದ. ಆ ಪಟ್ಟಿ ಈಗಲೂ ಇದೆ. ಮೊದಲ ಸಾಲೇ ಬಿಜಾಗರಿಯದು. ಜೋಡಿಗೆ ಇಂಡಿಯಲ್ಲಿ ಇಪ್ಪತ್ತೆರಡು, ಸೊಲ್ಲಾಪುರದಲ್ಲಿ ಹದಿನೇಳೂವರೆ.

ಧೂಳಖೇಡದ ಹತ್ತಿರ ಬಸ್ಸು ಸೇತುವೆ ಹತ್ತಿದರೆ ಹೊಳೆಯ ಆಚೆ ದಂಡೆಗೆ ಮಹಾರಾಷ್ಟ್ರ. ನೀರು ಅದೇ, ಆಚೆ ದಂಡೆಯ ಜಾಲಿ ಕಂಟಿಯೂ ಅದೇ, ಬಸ್ಸಿನಲ್ಲಿ ಕೂತವರ ಮಾತೂ ಅದೇ. ಮೊಳೆಯ ದರ ಮಾತ್ರ ಬೇರೆ. ಸೊಲ್ಲಾಪುರದ ಅಂಗಡಿಯ ಶೇಠಜಿ ಮೊದಲು ಮರಾಠಿಯಲ್ಲಿ ಏನು ಬೇಕೆಂದು ಕೇಳಿದ. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ವಹಿ ತೆರೆದು ಬಿಜಾಗರಿಯ ದರ ಕೇಳಿದೆ. ಆತ ಕನ್ನಡಕ್ಕೆ ಹೊರಳಿದ.

“ಇಂಡಿ ಕಡಿಯವ್ರೇನ್ರಿ?”

“ಹೆಂಗ ಗೊತ್ತಾತ್ರಿ?” ಎಂದ ಅಪ್ಪ.

“ಸಾಮಾನು ನೋಡೂಕಿಂತ ಮೊದಲ ರೇಟ್ ಕೇಳಿದ್ರ ಹೊಳಿ ಆಚಿಕಡಿಯವ್ರ ಅಂತ ತಿಳ್ಕೋತೇವ್ರಿ.”

ಒಂದು ಡಜನ್ ಬಿಜಾಗರಿ, ಚಿಲಕ, ಮೊಳೆ, ಸ್ಕ್ರೂ ಎಲ್ಲ ಸೇರಿ ನಾವು ಅಂದು ಉಳಿಸಿದ್ದು ಅರವತ್ತೊಂದು ರೂಪಾಯಿ. ಮನೆಗೆ ಬಂದು ರಾತ್ರಿಯೂಟಕ್ಕೆ ಮೊದಲು ಕೂಡಿಸಿ ನೋಡಿದರೆ ಇಬ್ಬರ ಬಸ್ ಚಾರ್ಜು, ಚಹಾ, ಭಜಿ ಸೇರಿ ಅರವತ್ತೆರಡು ಖರ್ಚಾಗಿತ್ತು. ಅಪ್ಪ ದಾರಿಯಲ್ಲಿ ಕೊಂಡ ಚಾದರವನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. “ಬಸ್ ಚಾರ್ಜು ಅದರಾಗ ಹಿಡೀಬ್ಯಾಡ, ಅದು ತಿರುಗಾಟದ ಖರ್ಚು,” ಎಂದ ಅಪ್ಪ, ಗಣಿತದ ಮಾಸ್ತರ. ಮುತ್ಯಾ ಮೂಲೆಯಿಂದ, “ಒಂದ ರೂಪಾಯಿ ಲುಕ್ಸಾನ ಮಾಡಾಕ ಬೆಳಿಗ್ಗೆ ಐದಕ್ಕ ಎದ್ದು ಹೋಗಿದ್ರೇನೋ?” ಎಂದು ಕೆಮ್ಮಿ ಕೆಮ್ಮಿ ನಕ್ಕ. ಆ ಕೆಮ್ಮನ್ನು ನಾನು ಎಣಿಸಲಿಲ್ಲ. ಸಿಟ್ಟು ಬಂದಿತ್ತು.

ಇಷ್ಟಕ್ಕೇ ನಿಂತಿದ್ದರೆ ನೆಟ್ಟಗಿರುತ್ತಿತ್ತು. ಆದರೆ ಪಟ್ಟಿಗೆ ರುಚಿ ಹತ್ತಿತು. ಸಿಂದಗಿಗೆ ಗೆಳತಿಯ ಮನೆಗೆ ಹೋದರೆ ಅಲ್ಲಿನ ಅಂಗಡಿಗೊಂದು ಕಾಲಂ. ಮುದ್ದೇಬಿಹಾಳದ ಚಿಗವ್ವನ ಮಗಳ ಮದುವೆಯಲ್ಲಿ ಅಕ್ಷತೆ ಬೀಳುವುದರೊಳಗೆ ಬರುತ್ತೇನೆಂದು ಹೋದವಳು ಬಜಾರಿನಲ್ಲಿ ಚಿಲಕದ ದರ ಕೇಳುತ್ತ ನಿಂತು ಅಕ್ಷತೆ ತಪ್ಪಿಸಿಕೊಂಡೆ. ಬಸವನ ಬಾಗೇವಾಡಿಯಿಂದ ನನ್ನನ್ನು ನೋಡಲು ಬಂದ ವರ ತಾವು ಹೊಸ ಮನೆ ಕಟ್ಟಿಸುತ್ತಿರುವುದಾಗಿ ಹೇಳಿದ. ನಾನು ತಲೆ ತಗ್ಗಿಸಿಯೇ, “ಬಿಜಾಗರಿ ಜೋಡಿಗೆ ಎಷ್ಟ ಬಿತ್ರಿ?” ಎಂದೆ. ಆತ ಹೇಳಿದ, ನಾನು ನೆನಪಿಟ್ಟುಕೊಂಡು ಆಮೇಲೆ ಬರೆದೆ. ಆ ಮನೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಬಾಗೇವಾಡಿಯ ಕಾಲಮ್ಮಿನಲ್ಲಿ ಇರುವುದು ಅದೊಂದೇ ದರ.

ಇಂಡಿಯ ಕಾಲಂ ಎಂದರೆ ಈರಪ್ಪ ಕಾಕಾ. ನಮ್ಮ ಓಣಿ ಮುಗಿದು ಬಜಾರು ಶುರುವಾಗುವಲ್ಲಿ ಅವರ ಕಬ್ಬಿಣದ ಅಂಗಡಿ. ಸಂಬಂಧಿಕರಲ್ಲ, ಮುತ್ಯಾನ ಜೊತೆ ದಿನವೂ ಅಡಿಕೆ ಹಂಚಿಕೊಳ್ಳುತ್ತಿದ್ದರು, ಅಷ್ಟಕ್ಕೇ ಕಾಕಾ. ಹೆಂಡತಿ ತೀರಿ ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ತಾಳಿಕೋಟೆಗೆ ಕೊಟ್ಟಿದ್ದರು. ಸೀಮೆಎಣ್ಣೆ ಡಬ್ಬಿಗಳನ್ನು ಅಡ್ಡ ಕತ್ತರಿಸಿ ಮೊಳೆ ತುಂಬಿಟ್ಟ ಆ ಅಂಗಡಿಯಲ್ಲಿ ನಾರಿನ ಹಗ್ಗ ಮತ್ತು ಅಗಸಿ ಎಣ್ಣೆ ಬೆರೆತ ಒಂದು ವಾಸನೆ ಇತ್ತು. ನೀವು ಹೋಗಿ ಬಿಜಾಗರಿ ಕೇಳಿದರೆ ಅವರು ತಕ್ಷಣ ಕೊಡುವವರಲ್ಲ. “ಯಾವ ಬಾಕಲಕ್ಕ?” ಎಂದು ಕೇಳುವರು. ಊರಿನ ಬಾಗಿಲುಗಳೆಲ್ಲ ಅವರಿಗೆ ಪರಿಚಯ. ಯಾವುದು ಬೇವಿನದು, ಯಾವುದು ಸಾಗವಾನಿಯದು, ಯಾವುದು ಮಳೆಗಾಲದಲ್ಲಿ ಉಬ್ಬಿ ಹಟ ಹಿಡಿಯುತ್ತದೆ ಎಂಬುದು ಅವರ ತಲೆಯಲ್ಲೇ ಇತ್ತು. ಕೊಟ್ಟು ಕಳಿಸುವಾಗ ಎಲ್ಲರಿಗೂ “ಬಾ ಮತ್ತ,” ಎನ್ನುತ್ತಿದ್ದರು.

ನಾನು ವಹಿ ಹಿಡಿದು ಅವರ ಅಂಗಡಿಯಲ್ಲಿ ನಿಲ್ಲುತ್ತಿದ್ದೆ. ಏತಕ್ಕೆ ಎಂದು ಅವರಿಗೆ ಗೊತ್ತಿತ್ತು. ಆದರೂ ಒಂದೊಂದೇ ಸಾಮಾನು ಇಳಿಸಿ ದರ ಹೇಳುತ್ತಿದ್ದರು.

“ಗೇಜ್ ಬರದಿ ಏನು? ಇದು ದಪ್ಪ ಮಾಲು, ಸೊಲ್ಲಾಪುರದ್ದು ತೆಳ್ಳಗ ಇರತೈತಿ.”

“ಗೇಜಿಗೆ ಕಾಲಂ ಇಲ್ಲ ಕಾಕಾ.”

“ಇಲ್ಲಂದ್ರ ಹೋಗ್ಲಿ ಬಿಡು,” ಎಂದರು. ಹಾಳೆಯಲ್ಲಿ ಜಾಗವಿರಲಿಲ್ಲ. ಇನ್ನೊಂದು ಹಾಳೆ ಅಂಟಿಸಬಹುದಾಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಅಪ್ಪನಿಗೆ ಆ ಪಟ್ಟಿಯ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಕಾರ್ಬನ್ ಇಟ್ಟು ಐದು ಪ್ರತಿ ಮಾಡಿಸಿದ. ಒಂದನ್ನು ಹಿಟ್ಟಿನ ಗಿರಣಿಯ ಗೋಡೆಗೆ ಯಾರೋ ಅಂಟಿಸಿದರು. ನನ್ನ ಬರವಣಿಗೆ ಮೊದಲು ಬೆಳಕು ಕಂಡದ್ದು ಅಲ್ಲಿ. ಜೋಳ ಬೀಸಿಸಲು ಬಂದವರು ಸರದಿ ಬರುವವರೆಗೆ ಅದನ್ನೇ ಓದುತ್ತಿದ್ದರು. ನಾನು ಬೀಸಿಸುವ ಕೆಲಸವಿಲ್ಲದಿದ್ದರೂ ಆ ಕಡೆ ಹೋಗಿ ಬರುತ್ತಿದ್ದೆ.

ಈರಪ್ಪ ಕಾಕಾನೂ ಜೋಳದ ಚೀಲ ಹೊತ್ತು ಅಲ್ಲಿಗೆ ಬಂದರಂತೆ. ಮೂಗಿನ ಮೇಲೆ ಚಾಳೀಸು ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರಂತೆ. ಒಂದು ಕಡೆ ನಾನು ಅವರ ಚಿಲಕದ ದರವನ್ನು ಎರಡು ರೂಪಾಯಿ ಕಡಿಮೆ ಬರೆದಿದ್ದೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದನ್ನು ತಿದ್ದಿ, ತಮ್ಮ ದರವನ್ನು ತಾವೇ ಎರಡು ರೂಪಾಯಿ ಏರಿಸಿ ಹೋದರಂತೆ. ಮರುದಿನ ನಾನು ಅಂಗಡಿಯ ಮುಂದೆ ಹಾಯುವಾಗ ಕರೆದು ಹೇಳಿದರು: “ಒಂದು ತಪ್ಪಿತ್ತವ್ವಾ, ಸರಿ ಮಾಡೇನಿ. ಬರದದ್ದನ್ನ ಮಂದಿ ಖರೇ ಅಂತ ತಿಳೀತಾರ. ತಪ್ಪ ಬರೀಬಾರದು.” ಅದರಲ್ಲಿ ಕುಟುಕು ಇದೆಯೇ ಎಂದು ನಾನು ಅವರ ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಈಗ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಓಣಿಯಲ್ಲಿ ಆ ವರ್ಷ ನಾಲ್ಕೈದು ಮನೆ ಏಳುತ್ತಿದ್ದವು. ಅವರೆಲ್ಲ ಸೇರಿ ಒಂದು ಟೆಂಪೋ ಮಾಡಿಕೊಂಡು ಸೊಲ್ಲಾಪುರಕ್ಕೆ ಹೋಗಿಬಂದರು. ಟೆಂಪೋದಲ್ಲಿ ಹೋದರೆ ಬಸ್ ಚಾರ್ಜಿನ ಲುಕ್ಸಾನೂ ಇಲ್ಲ. ಹೋಗದವರು ಕಾಕಾನ ಅಂಗಡಿಗೆ ಬಂದು, “ಮಾಸ್ತರ ಮಗಳು ಬರದಾಳಲ್ರಿ, ಅಲ್ಲಿ ಹದಿನೇಳೂವರಿ ಐತಿ, ನೀವೂ ಅಷ್ಟಕ್ಕ ಕೊಡ್ರಿ,” ಎಂದು ಜಗ್ಗಾಡತೊಡಗಿದರು. ಕಾಕಾ ಕೆಲವರಿಗೆ ಕೊಟ್ಟರು, ಕೆಲವರಿಗೆ ಆಗದೆಂದು ತಲೆಯಾಡಿಸಿದರು. ಸೀಮೆಎಣ್ಣೆ ಡಬ್ಬಿಗಳಲ್ಲಿ ಮೊಳೆ ತಳ ಮುಟ್ಟಿದರೂ ಅವರು ಮತ್ತೆ ತುಂಬಿಸುತ್ತಿರಲಿಲ್ಲ. ಇದನ್ನು ನಾನು ನೋಡಿದ್ದೆ, ಬರೆದಿರಲಿಲ್ಲ.

ನವೆಂಬರಿನಲ್ಲಿ ಮುತ್ಯಾ ತೀರಿಕೊಂಡ. ಬೆಳಗಿನ ಚಹಾ ಕುಡಿದು ಗೋಡೆಗೊರಗಿ ಕೂತವನು ಹಾಗೇ. ಅಂದಿನ ಪುಟದಲ್ಲಿ ಕೆಮ್ಮು ಎರಡು ಎಂದಿದೆ.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವುದು. ಅದಕ್ಕೆ ಬಿದಿರು, ಹಲಗೆಯಿಂದ ವಿಮಾನವೆಂದು ಒಂದು ಕೂರುಮಂಚ ಕಟ್ಟುತ್ತಾರೆ. ಮಧ್ಯಾಹ್ನ ಬಡಿಗ ಬಂದು ಮೊಳೆ ಬೇಕೆಂದ. ಅಣ್ಣ ಸುದ್ದಿ ಮುಟ್ಟಿಸಲು ಸಿಂದಗಿಗೆ ಹೋಗಿದ್ದ, ಅಪ್ಪ ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಯಾವ ಇಂಚಿನ ಮೊಳೆ ಎಂಬುದು ನನಗೆ ಚೆನ್ನಾಗಿ ಗೊತ್ತು ಎಂದು ನಾನೇ ಎದ್ದೆ.

ನಮ್ಮ ಓಣಿಯಲ್ಲಿ ಒಂದು ರೀತಿ ಇದೆ. ವಿಮಾನಕ್ಕೆಂದು ಮೊಳೆ, ಹಗ್ಗ ತರಲು ಹೋದವರು ದರ ಕೇಳುವುದಿಲ್ಲ, ಅಂಗಡಿಯವರು ತೂಗುವುದಿಲ್ಲ. ಕೈಯಿಂದ ಹಿಡಿ ಹಿಡಿಯಾಗಿ ಎತ್ತಿ ಕೊಡುತ್ತಾರೆ. ದಿನಕಾರ್ಯ ಮುಗಿದ ಮೇಲೆ ಮನೆಯವರು ಒಂದು ಮೊರ ತುಂಬ ಜೋಳ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು.

ಕಾಕಾ ಆಗಲೇ ಎದ್ದು ನಿಂತಿದ್ದರು. ನಾನು, “ಮೂರಿಂಚಿನ ಮೊಳಿ ಬೇಕು ಕಾಕಾ,” ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಾಗಿತ್ತು. ಆದರೆ ಒಂದು ವರ್ಷದಿಂದ ಆ ಕಟ್ಟೆಯ ಮುಂದೆ ನಿಂತು ನನ್ನ ಬಾಯಿ ಕಲಿತ ಮಾತು ತಾನಾಗಿಯೇ ಬಂತು.

“ಕಿಲೋಕ್ಕ ಎಷ್ಟು?”

ಡಬ್ಬಿಯೊಳಗೆ ಇಳಿದಿದ್ದ ಅವರ ಕೈ ಅಲ್ಲೇ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಎದುರಿನ ತಕ್ಕಡಿಯನ್ನು ನೋಡಿದರು. ಆಮೇಲೆ ಒಂದು ಹಿಡಿ, ಎರಡು ಹಿಡಿ, ತಳದಲ್ಲಿ ಉಳಿದದ್ದನ್ನೆಲ್ಲ ಬಾಚಿ ಮೂರನೇ ಹಿಡಿ ಕಾಗದಕ್ಕೆ ಸುರಿದು ಪುಡಿಕೆ ಕಟ್ಟಿದರು. ಅಂಗಡಿಯ ಹಲಗೆ ಬಾಗಿಲು ಎಳೆದು, ನನಗಿಂತ ಮುಂದೆ ನಮ್ಮ ಮನೆಯ ಕಡೆ ನಡೆದರು. ಸತ್ತವರ ಕೆಲಸಕ್ಕೆ ಬಂದವರಿಗೆ ‘ಬಾ ಮತ್ತ’ ಎನ್ನಬಾರದು, ಆದ್ದರಿಂದ ಅವರು ಅನ್ನಲಿಲ್ಲ. ನನಗೆ ಮಾತ್ರ ಅವರು ಇನ್ನು ಯಾವತ್ತೂ ಅದನ್ನು ಅನ್ನಲಿಕ್ಕಿಲ್ಲ ಎನ್ನಿಸಿತು. ವಹಿಯಲ್ಲಿ ಅಂದು ಮೊಳೆಯ ಮುಂದಿನ ಜಾಗ ಖಾಲಿ ಇದೆ. ನನ್ನ ಅಷ್ಟೂ ವಹಿಗಳಲ್ಲಿ ಖಾಲಿ ಬಿಟ್ಟ ಜಾಗ ಅದೊಂದೇ.

ಮರುವರ್ಷದ ಬೇಸಿಗೆಗೆ ಹೊಸ ಖೋಲಿಗಳಿಗೆ ಇಟ್ಟ ತಲಬಾಗಿಲು ಜೋತುಬಿತ್ತು. ತೆರೆದಾಗಲೆಲ್ಲ ಗರ್ ಎಂದು ಗೀರಿ ನೆಲದ ಫರಸಿಯ ಮೇಲೆ ಅರ್ಧಚಂದ್ರದ ಗುರುತು ಬಿತ್ತು. ಅವ್ವ ಹೇಳಿಕಳಿಸಿದಳು. ಕಾಕಾ ಬಂದು ಬಾಗಿಲನ್ನು ಎರಡು ಸಲ ಆಡಿಸಿ, “ಕೆಳಗಿಂದು ಚೊಲೋ ಐತಿ. ಮಾಲು ತೆಳ್ಳಂದು, ಮ್ಯಾಲಿಂದು ಬಗ್ಗೈತಿ,” ಎಂದರು. ಯಾವ ಊರಿನದು ಎಂದು ಕೇಳಲಿಲ್ಲ. ಅಂಗಡಿಗೆ ಹೋಗಿ ಒಂದು ಜೋಡಿ ದಪ್ಪ ಬಿಜಾಗರಿ ತಂದು, ಒಂದನ್ನು ಮೇಲೆ ಕೂಡಿಸಿ, ಇನ್ನೊಂದನ್ನು ನನ್ನ ಕೈಗಿಟ್ಟರು.

“ಒಂದ ಸಾಕಲ್ಲ ಕಾಕಾ?”

“ಜೋಡಿ ಒಡದು ನಾ ಯಾರಿಗಿ ಮಾರ್ಲಿ? ಇದ ಕಡೀ ಜೋಡಿ. ಕೆಳಗಿಂದೂ ಒಂದ ದಿನಾ ಹೋಗತೈತಿ, ಅವಾಗ ಇದನ್ನ ಹಚ್ಚು. ಅವಾಗ ನಾ ಇರೂದಿಲ್ಲ ಇಲ್ಲಿ.”

ಮಂಡಿ ನೋವೆಂದು, ಮಗಳು ಕರೆಯುತ್ತಾಳೆಂದು ಹೇಳಿದರು. ಹದಿನೈದು ದಿನದಲ್ಲಿ ಅಂಗಡಿ ಖಾಲಿಯಾಯಿತು. ಆ ಜಾಗಕ್ಕೆ ಪಾದರಕ್ಷೆಯ ಅಂಗಡಿ ಬಂತು. ಅದರ ಮೊದಲ ದಿನ ನಾನು ಒಳಗೆ ಹೋಗಿ ನಿಂತೆ. ಅಗಸಿ ಎಣ್ಣೆಯ ವಾಸನೆ ಇನ್ನೂ ಇತ್ತು.

ಅಲ್ಲಿಂದ ಮುಂದೆ ನಾನು ಯಾವ ದರವನ್ನೂ ಬರೆದಿಲ್ಲ. ಆದರೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಸ್ಕ್ರೂ ತಿರುಗಿದಂತೆ ಒಳಗೆ ಇಳಿಯುತ್ತ ಹೋಯಿತು. ಅಂಗಡಿ ಮುಚ್ಚಿದ್ದು ಮಂಡಿ ನೋವಿಗೋ, ನನ್ನ ಪಟ್ಟಿಗೋ? ಮೊಳೆಯ ದಿನದ ಮಾತಿಗೆ ಅವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ? ಮನೆಯಲ್ಲಿ ಕೇಳಿದರೆ ಅಪ್ಪ, “ಆ ಟೆಂಪೋ ಇವತ್ತಲ್ಲ ನಾಳೆ ಹೋಗೂದ ಇತ್ತು,” ಎಂದ. ಅಪ್ಪ ಹೇಳಿದರೆ ಉತ್ತರವಾಗದು. ಕಾಕಾನೇ ಹೇಳಬೇಕಿತ್ತು.

ಅಷ್ಟಕ್ಕೆ ನಾಲ್ಕು ವರ್ಷ ತೆಗೆದುಕೊಂಡೆ. ಇಂಡಿಯಿಂದ ಸಿಂದಗಿ, ಅಲ್ಲಿ ಬಸ್ಸು ಬದಲಿಸಿ ತಾಳಿಕೋಟೆ. ಚೀಲದಲ್ಲಿ ಆ ವಹಿ ಇತ್ತು, ಕೇಳಬೇಕಾದ ಮಾತುಗಳನ್ನು ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೆ. ಕಾಕಾ ಅಳಿಯನ ಕಿರಾಣಿ ಅಂಗಡಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಗಿರಾಕಿಗಳು ಬರುತ್ತಿದ್ದರು, ಸಕ್ಕರೆ, ಬೇಳೆ ಒಯ್ಯುತ್ತಿದ್ದರು. ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಒಬ್ಬ ಹೆಣ್ಣುಮಗಳು ಬೆಲ್ಲ ಕೇಳಿದಾಗ ಅವರು ಅಭ್ಯಾಸದಿಂದ, “ಏನ್ ಮಾಡಾಕವ್ವಾ?” ಎಂದರು. ಆಕೆ ಅಳಿಯನ ಮುಖ ನೋಡಿದಳು. ಅಳಿಯ ನಕ್ಕು, “ಮಾವಾರ, ಬೆಲ್ಲಾ ತಿನ್ನಾಕ್ರಿ,” ಎಂದ. ಕಾಕಾನೂ ನಕ್ಕರು. ಆಮೇಲೆ ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತರು.

ನನ್ನನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗುರುತಿಸಿದ ಮೇಲೆ ಅಪ್ಪ ಹೇಗಿದ್ದಾನೆ, ಅವ್ವ ಹೇಗಿದ್ದಾಳೆ ಎಂದು ಕೇಳಲಿಲ್ಲ. ಸ್ಟೂಲಿನ ತುದಿಗೆ ಸರಿದು ಕೂತರು.

“ಕೆಳಗಿನ ಬಿಜಾಗರಿ ಹೋತೇನು?”

ನಾನು ಚೀಲದೊಳಗೆ ಕೈ ಹಾಕಿದ್ದೆ, ವಹಿ ಬೆರಳಿಗೆ ತಾಗುತ್ತಿತ್ತು. ಕೆಳಗಿನ ಬಿಜಾಗರಿಗೆ ಏನೂ ಆಗಿರಲಿಲ್ಲ. ಆದರೆ ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಹೌದು ಕಾಕಾ,” ಎಂದೆ. “ಹೋಗೈತಿ.”

“ನಾ ಹೇಳಿರಲಿಲ್ಲ? ಮಳಿಗಾಲದಾಗ ಹೋಗಿರಬೇಕು. ಹಚ್ಚಿದ್ರೇನು?”

“ಇಲ್ಲ, ಹೆಂಗ ಹಚ್ಚೂದು ಅಂತ ಕೇಳಾಕ ಬಂದೆ.”

ಅರ್ಧ ತಾಸು ಹೇಳಿದರು. ಬಾಗಿಲ ಕೆಳಗೆ ಬೆಣೆ ಕೊಟ್ಟು ಎತ್ತಿ ನಿಲ್ಲಿಸಬೇಕು, ಹಳೆಯ ತೂತುಗಳಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿ ತುರುಕಬೇಕು, ಸ್ಕ್ರೂಗೆ ಒಂದಿಷ್ಟು ಸಾಬೂನು ಸವರಬೇಕು, ಮೊದಲು ನಡುವಿನ ಸ್ಕ್ರೂ ತಿರುವಬೇಕು. ಸಕ್ಕರೆ ಕಟ್ಟುವ ಕಾಗದದ ಮೇಲೆ ಬಾಗಿಲಿನ ಚಿತ್ರ ಬರೆದು ತೋರಿಸಿದರು. ಅಳಿಯ ಎರಡು ಸಲ ಚಹಾ ಆರುತ್ತದೆ ಎಂದು ಹೇಳಿದ. ಕಾಕಾಗೆ ಅದು ಕೇಳಿಸಲಿಲ್ಲ. ನಾನು ಎಲ್ಲವನ್ನೂ ಬರೆದುಕೊಂಡೆ, ಪ್ರಶ್ನೆಗಳಿದ್ದ ಅದೇ ಕೊನೆಯ ಪುಟದಲ್ಲಿ, ಪ್ರಶ್ನೆಗಳ ಮೇಲೆಯೇ.

ಹೊರಡುವಾಗ ಅವರು, “ಕೂಡಿಸಿದ ಮ್ಯಾಲ ಒಂದ ಕಾರ್ಡ್ ಹಾಕು. ಬಾ ಮತ್ತ,” ಎಂದರು.

ಬಸ್ಸಿನಲ್ಲಿ ಸಿಂದಗಿಯವರೆಗೂ ಅತ್ತೆ. ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿಲ್ಲ.

ಮರುವಾರ ಕಾರ್ಡು ಬರೆದೆ. “ಬಿಜಾಗರಿ ಕೂತಿದೆ. ಬಾಗಿಲು ಒಂದು ಬೆರಳಿನಿಂದ ತಿರುಗುತ್ತದೆ.” ಕಾರ್ಡಿನಲ್ಲಿ ಒಂದು, ವಹಿಯಲ್ಲಿ ಇನ್ನೊಂದು ಇರಬಾರದೆಂದು ವಹಿಯಲ್ಲೂ ಹಾಗೆಯೇ ಬರೆದೆ. ತಪ್ಪು ಬರೆಯಬಾರದು ಎಂದು ನನಗೆ ಹೇಳಿಕೊಟ್ಟವರಿಗಾಗಿ ಬರೆದ ತಪ್ಪು ಅದು. ಮುಂದಿನ ದೀಪಾವಳಿಯ ಹೊತ್ತಿಗೆ ಕಾಕಾ ಇರಲಿಲ್ಲ. ಸುದ್ದಿ ನಮಗೆ ಐದು ದಿನ ತಡವಾಗಿ ಮುಟ್ಟಿತು. ಆ ಕಾರ್ಡನ್ನು ಅವರು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು ಎಂದು ಮಗಳು ಹೇಳಿದಳು.

ಹೀಗಾಗಿ ಈ ಬಿಜಾಗರಿಯನ್ನು ಗುಜರಿಗೆ ಹಾಕಲಾರೆ. ಬಡಿಗನನ್ನು ಕರೆಸಿ ಚೆನ್ನಾಗಿರುವುದನ್ನು ಕೀಳಿಸಿ ಇದನ್ನು ಹಚ್ಚಿಸಬಹುದು, ಆದರೆ ಅದೂ ಇನ್ನೊಂದು ಸುಳ್ಳೇ ಆಗುತ್ತದೆ. ಅದು ತಾನಾಗಿ ಹೋಗಬೇಕು. ಹೋದ ದಿನ ನಾನು ಕಾಕಾ ಹೇಳಿದಂತೆ ಬೆಣೆ ಕೊಟ್ಟು, ಕಡ್ಡಿ ತುರುಕಿ, ಸಾಬೂನು ಸವರಿ, ಇದನ್ನು ಕೂಡಿಸುತ್ತೇನೆ. ವಹಿಯ ಮಾತು ಖರೇ ಆಗುತ್ತದೆ.

ದಿನವೂ ಬೆಳಿಗ್ಗೆ ತಲಬಾಗಿಲು ತೆರೆಯುವವಳು ನಾನೇ. ತೆರೆಯುವಾಗ ಸ್ವಲ್ಪ ಬಗ್ಗಿ ಕಿವಿ ಕೊಡುತ್ತೇನೆ. ಜೋಡಿಗೆ ಹದಿನೇಳೂವರೆ ಕೊಟ್ಟು ಹೊಳೆಯಾಚೆಯಿಂದ ತಂದ ಆ ತೆಳ್ಳನೆಯ ಬಿಜಾಗರಿ ಇಷ್ಟು ವರ್ಷವಾದರೂ ಒಂದು ಸಪ್ಪಳವನ್ನೂ ಮಾಡುವುದಿಲ್ಲ.